ಮಾತು ಮುಳುಗದ ಹಾಗೆ: ಹೋಮ್ ಥಿಯೇಟರ್‌ನಲ್ಲಿ ಸ್ಪೀಕರ್‌ಗಳ ಮಟ್ಟ ಹೊಂದಿಸುವ ಕ್ರಮ

ಪಾತ್ರಗಳು ಪಿಸುಗುಟ್ಟುವಾಗ ಸದ್ದು ಏರಿಸುವುದು, ಮರುಗಳಿಗೆಯಲ್ಲಿ ಸ್ಫೋಟವಾದಾಗ ಗಡಿಬಿಡಿಯಿಂದ ಇಳಿಸುವುದು, ಹೀಗೆ ರಿಮೋಟನ್ನು ಕೆಳಗಿಡಲು ಪುರಸೊತ್ತಿಲ್ಲದೆ ಸಿನಿಮಾ ನೋಡಿ ಮುಗಿಸುವವರು ಬಹಳ ಮಂದಿ ಇದ್ದಾರೆ. ಇಂಥವರು ಸಾಮಾನ್ಯವಾಗಿ ಧ್ವನಿಮುದ್ರಣವನ್ನು ದೂರುತ್ತಾರೆ, ಇಲ್ಲವೇ ಇನ್ನೂ ದೊಡ್ಡ ಸ್ಪೀಕರ್ ಕೊಳ್ಳಬೇಕೆಂದು ತೀರ್ಮಾನಿಸುತ್ತಾರೆ. ಧ್ವನಿಮುದ್ರಣದಲ್ಲಿಯೇ ಕೆಲವೊಮ್ಮೆ ತಪ್ಪಿರುವುದು ನಿಜ. ಆದರೆ ನಾನು ಕಂಡ ಮಟ್ಟಿಗೆ ಹೆಚ್ಚಿನ ಕೋಣೆಗಳಲ್ಲಿ ಕೊರತೆಯಿರುವುದು ಒಟ್ಟು ಸದ್ದಿನಲ್ಲಲ್ಲ, ಒಂದು ಸ್ಪೀಕರ್‌ಗೂ ಇನ್ನೊಂದಕ್ಕೂ ನಡುವಿನ ಪ್ರಮಾಣದಲ್ಲಿ. ಆ ಪ್ರಮಾಣವನ್ನು ಸರಿಪಡಿಸಲು ಒಂದು ಅಳತೆ ಟೇಪು, ಸದ್ದಿನ ಮಟ್ಟ ತೋರಿಸುವ ಮೀಟರ್ ಅಥವಾ ಅದೇ ಕೆಲಸದ ಮೊಬೈಲ್ ಆ್ಯಪ್, ಬರೆದಿಟ್ಟುಕೊಳ್ಳಲು ಒಂದು ಹಾಳೆ ಮತ್ತು ಯಾರೂ ಅಡ್ಡಿಪಡಿಸದ ಒಂದೆರಡು ಗಂಟೆ ಇದ್ದರೆ ಸಾಕು.

ಇಲ್ಲಿ ಮುಖ್ಯವಾದದ್ದು ಕೆಲಸದ ಕ್ರಮ. ಮಾತು ಕೇಳಿಸದಿದ್ದಾಗ ಎಲ್ಲರ ಕೈ ಮೊದಲು ಹೋಗುವುದು ಸೆಂಟರ್ (ನಡುವಿನ) ಸ್ಪೀಕರಿನ ಮಟ್ಟವನ್ನು ಐದಾರು ಡೆಸಿಬೆಲ್ ಏರಿಸುವ ಕಡೆಗೆ. ಈ ಲೇಖನದಲ್ಲಿ ಆ ಹೆಜ್ಜೆ ಬಹಳ ತಡವಾಗಿ ಬರುತ್ತದೆ, ಅದೂ ಹೆಚ್ಚೆಂದರೆ ಮೂರು ಡೆಸಿಬೆಲ್‌ಗಳಷ್ಟಕ್ಕೆ ಮಾತ್ರ. ಅದಕ್ಕೆ ಮುಂಚಿನ ಹೆಜ್ಜೆಗಳನ್ನು ಬಿಟ್ಟು ನೇರವಾಗಿ ಅಲ್ಲಿಗೆ ಹಾರಿದರೆ, ಇರುವ ದೋಷವೇ ಇನ್ನಷ್ಟು ಗಟ್ಟಿಯಾಗಿ ಕೇಳಿಸತೊಡಗುತ್ತದೆ.

ಮಾತು ಎಲ್ಲಿರುತ್ತದೆ, ಏಕೆ ಮುಚ್ಚಿಹೋಗುತ್ತದೆ

5.1 ವ್ಯವಸ್ಥೆಯಲ್ಲಿ ಮುಂದೆ ಎಡ, ನಡು ಮತ್ತು ಬಲ ಎಂಬ ಮೂರು ಚಾನೆಲ್‌ಗಳು, ಕೇಳುಗರ ಪಕ್ಕದಲ್ಲಿ ಅಥವಾ ತುಸು ಹಿಂದೆ ಎರಡು ಸರೌಂಡ್ ಚಾನೆಲ್‌ಗಳು, ಇವುಗಳ ಜೊತೆಗೆ ತಗ್ಗಿನ ಗುಡುಗು ಸದ್ದುಗಳಿಗೆಂದೇ ಮೀಸಲಾದ ಒಂದು ಪ್ರತ್ಯೇಕ ಚಾನೆಲ್ ಇರುತ್ತವೆ. ಸಿನಿಮಾದ ಸಂಭಾಷಣೆಯ ಬಹುಪಾಲು ನಡುವಿನ ಚಾನೆಲ್ ಒಂದರಲ್ಲಿಯೇ ಇರುತ್ತದೆ. ಹಿನ್ನೆಲೆ ಸಂಗೀತ ಎಡಬಲಗಳಲ್ಲಿ ಹರಡಿಕೊಂಡಿದ್ದರೆ, ಮಳೆ, ಜನಸಂದಣಿ, ಗಾಳಿಯಂತಹ ವಾತಾವರಣದ ಸದ್ದುಗಳು ಸರೌಂಡ್‌ಗಳನ್ನು ಸೇರುತ್ತವೆ. ಹೀಗಾಗಿ ಮಾತಿನ ಸ್ಪಷ್ಟತೆ ಎಂಬುದು ಬಹುಮಟ್ಟಿಗೆ ಒಂದೇ ಪೆಟ್ಟಿಗೆಯ ಆರೋಗ್ಯವನ್ನೂ, ಉಳಿದ ಪೆಟ್ಟಿಗೆಗಳು ಅದರ ಮೇಲೆ ಎಷ್ಟು ಸವಾರಿ ಮಾಡುತ್ತಿವೆ ಎಂಬುದನ್ನೂ ಅವಲಂಬಿಸಿದೆ.

ಮಾತಿನ ಒಳರಚನೆಯನ್ನೂ ಸ್ವಲ್ಪ ಗಮನಿಸಬೇಕು. ಹಾಲು, ಕಾಲು, ಪಾಲು, ಸಾಲು ಎಂಬ ನಾಲ್ಕು ಪದಗಳನ್ನು ಉಚ್ಚರಿಸಿ ನೋಡಿ. ಸದ್ದಿನ ಶಕ್ತಿಯೆಲ್ಲ ಇರುವುದು ಮೊದಲಕ್ಷರದಲ್ಲಿ ನೀಳವಾಗಿ ಎಳೆಯುವ ‘ಆ’ಕಾರದಲ್ಲಿ, ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವುದು ಕ್ಷಣಮಾತ್ರ ಬಂದುಹೋಗುವ ದುರ್ಬಲ ವ್ಯಂಜನ. ಸ್ವರಗಳ ಬಲ ತಗ್ಗಿನ ಆವರ್ತನಗಳಲ್ಲಿದ್ದರೆ, ವ್ಯಂಜನಗಳನ್ನು ಗುರುತಿಸಲು ಬೇಕಾದ ಸುಳಿವು ಹೆಚ್ಚಾಗಿ 2000ದಿಂದ 4000 ಹರ್ಟ್ಸ್ ಸುತ್ತಮುತ್ತ ಮತ್ತು ಅದಕ್ಕೂ ಮೇಲೆ ಇರುತ್ತದೆ. ‘ಗಟ್ಟಿಯಾಗಿಯೇ ಕೇಳಿಸುತ್ತದೆ, ಆದರೆ ಏನೆಂದರೋ ತಿಳಿಯುವುದಿಲ್ಲ’ ಎಂಬ ದೂರಿನ ಮೂಲ ಇದೇ. ಸ್ವರ ತಲುಪಿದೆ, ವ್ಯಂಜನ ತಲುಪಿಲ್ಲ. ಇದರ ಮೇಲೆ ಮನುಷ್ಯನ ಕಿವಿಯ ಸ್ವಭಾವವೊಂದೂ ಸೇರಿಕೊಳ್ಳುತ್ತದೆ: ತಗ್ಗಿನ ಬಲವಾದ ಸದ್ದು ತನಗಿಂತ ಮೇಲಿನ ಆವರ್ತನದ ಸದ್ದುಗಳನ್ನು ಮುಚ್ಚಿಹಾಕುವಷ್ಟು ಸುಲಭವಾಗಿ ಮೇಲಿನದು ಕೆಳಗಿನದನ್ನು ಮುಚ್ಚಲಾರದು. ತಗ್ಗಿನ ಸದ್ದುಗಳ ಪೆಟ್ಟಿಗೆಯಾದ ಸಬ್‌ವೂಫರಿನ ಸದ್ದು ಅತಿಯಾದ ಕೋಣೆಯಲ್ಲಿ ಸೆಂಟರ್ ಸ್ಪೀಕರ್ ಎಷ್ಟು ಒಳ್ಳೆಯದಾದರೂ ಮಾತು ಮಸುಕಾಗುವುದು ಇದರಿಂದಲೇ.

ಮೊದಲ ಹೆಜ್ಜೆ: ನಡುವಿನ ಚಾನೆಲ್ ನಿಜಕ್ಕೂ ಬರುತ್ತಿದೆಯೇ?

ಯಾವ ಮಟ್ಟವನ್ನೂ ಮುಟ್ಟುವ ಮೊದಲು, ಸಿನಿಮಾ ನೋಡುತ್ತಿರುವಾಗ ಎದ್ದು ಹೋಗಿ ಸೆಂಟರ್ ಸ್ಪೀಕರಿಗೆ ಕಿವಿಗೊಡಿ. ಮಾತು ಅದರಿಂದಲೇ, ಬಹುತೇಕ ಅದರಿಂದ ಮಾತ್ರವೇ ಬರುತ್ತಿರಬೇಕು. ಮಾತು ಎಡಬಲಗಳಿಂದಲೂ ಅಷ್ಟೇ ಗಟ್ಟಿಯಾಗಿ ಬರುತ್ತಿದ್ದರೆ ರಿಸೀವರಿನ, ಅಂದರೆ ಎಲ್ಲ ಸ್ಪೀಕರುಗಳಿಗೆ ಧ್ವನಿ ಹಂಚುವ ಉಪಕರಣದ, ಮಾಹಿತಿ ಪರದೆಯಲ್ಲಿ ಒಳಬರುತ್ತಿರುವ ಧ್ವನಿ ಎಷ್ಟು ಚಾನೆಲ್‌ಗಳದ್ದು ಎಂದು ನೋಡಿ. 5.1 ಇರಬೇಕಾದ ಕಡೆ 2.0 ಎಂದೋ ಸ್ಟೀರಿಯೊ ಎಂದೋ ಕಾಣಿಸಿದರೆ ಟಿವಿಯ ಅಥವಾ ಪ್ಲೇಯರಿನ ಧ್ವನಿ ಸೆಟ್ಟಿಂಗ್ ಬಹುಶಃ ಪಿಸಿಎಂ ಎಂದಿರುತ್ತದೆ. ಅದನ್ನು ಬಿಟ್‌ಸ್ಟ್ರೀಮ್, ಆಟೋ ಅಥವಾ ಪಾಸ್-ಥ್ರೂ ಎಂಬ ಆಯ್ಕೆಗೆ ಬದಲಿಸಬೇಕು. ಆರು ಚಾನೆಲ್‌ಗಳನ್ನು ಎರಡಕ್ಕೆ ಇಳಿಸುವಾಗ ನಡುವಿನ ಚಾನೆಲ್ಲನ್ನು ಸಾಮಾನ್ಯವಾಗಿ 3 ಡೆಸಿಬೆಲ್ ತಗ್ಗಿಸಿ ಎಡಬಲಗಳಿಗೆ ಹಂಚಲಾಗುತ್ತದೆ. ಮಾತು ಅಲ್ಲಿ ಸಂಗೀತದೊಂದಿಗೆ ಒಂದೇ ಸ್ಪೀಕರಿನಲ್ಲಿ ಬೆರೆತುಹೋಗುತ್ತದೆ. ಹಾಗೆ ಬೆರೆತದ್ದನ್ನು ಮಟ್ಟ ಹೊಂದಿಸಿ ಬಿಡಿಸಲು ಬರುವುದಿಲ್ಲ. ಸ್ಟ್ರೀಮಿಂಗ್ ಆ್ಯಪ್‌ನ ಒಳಗಿರುವ ಭಾಷೆ ಮತ್ತು ಧ್ವನಿ ಆಯ್ಕೆಯ ಪಟ್ಟಿಯನ್ನೂ ನೋಡಿ: ಒಂದೇ ಸಿನಿಮಾಕ್ಕೆ ಸ್ಟೀರಿಯೊ ಮತ್ತು 5.1 ಎಂಬ ಎರಡು ಧ್ವನಿಪಥಗಳು ಇರುವುದುಂಟು.

ಮೂಲ ಕಾರ್ಯಕ್ರಮವೇ ಸ್ಟೀರಿಯೊ ಆಗಿದ್ದರೆ, ರಿಸೀವರಿನಲ್ಲಿರುವ ಡಾಲ್ಬಿ ಸರೌಂಡ್ ಅಥವಾ ಅಂತಹದೇ ಇನ್ನೊಂದು ವಿಸ್ತರಣೆಯ ವಿಧಾನವನ್ನು ಆರಿಸಿ. ಎಡಬಲಗಳೆರಡರಲ್ಲೂ ಸಮಾನವಾಗಿರುವ ಸದ್ದನ್ನು, ಅಂದರೆ ಬಹುಮಟ್ಟಿಗೆ ಮಾತನ್ನು, ಅದು ನಡುವಿಗೆ ತರುತ್ತದೆ. ಅಲ್ಲಿ ‘ಸೆಂಟರ್ ಸ್ಪ್ರೆಡ್’ ಎಂಬ ಆಯ್ಕೆ ಇದ್ದರೆ ಸಿನಿಮಾಕ್ಕೆ ಅದು ಆಫ್ ಆಗಿರಲಿ, ಏಕೆಂದರೆ ಅದು ನಡುವಿನದನ್ನು ಮತ್ತೆ ಪಕ್ಕಗಳಿಗೆ ಚೆಲ್ಲುತ್ತದೆ. ಎಲ್ಲ ಸ್ಪೀಕರುಗಳಿಂದಲೂ ಒಂದೇ ಸದ್ದು ಬರಿಸುವ ‘ಆಲ್ ಚಾನೆಲ್ ಸ್ಟೀರಿಯೊ’ ಬಗೆಯ ವಿಧಾನಗಳು ಸಮಾರಂಭದ ಹಾಡುಗಳಿಗೆ ಸರಿ, ಸಂಭಾಷಣೆಗೆ ಶತ್ರು.

ಎರಡನೆಯ ಹೆಜ್ಜೆ: ಜಾಗ ಮತ್ತು ತಂತಿ

ಸೆಂಟರ್ ಸ್ಪೀಕರಿನದ್ದು ಹೆಚ್ಚಿನ ಮನೆಗಳಲ್ಲಿ ಅನಾಥನ ಪಾಡು. ಟಿವಿಯ ಕೆಳಗಿನ ಕಪಾಟಿನ ಗೂಡಿನೊಳಗೆ, ಹಿಂದಕ್ಕೆ ತಳ್ಳಿ, ಮುಂದೆ ಅಲಂಕಾರದ ಬೊಂಬೆಗಳನ್ನಿಟ್ಟು, ಕೇಳುಗರ ಮೊಣಕಾಲಿಗೆ ಗುರಿ ಮಾಡಿದಂತೆ ಅದನ್ನು ಕೂರಿಸಿರುತ್ತಾರೆ. ಗೂಡಿನ ಒಳಗೋಡೆಗಳು ತಗ್ಗಿನ ಆವರ್ತನಗಳನ್ನು ಉಬ್ಬಿಸುವುದರಿಂದ ಗಂಡು ದನಿಗಳು ಕೊಡದೊಳಗೆ ಬಾಯಿಟ್ಟು ಮಾತನಾಡಿದಂತೆ ಕೇಳಿಸುತ್ತವೆ. ಹಲಗೆಯ ಮುಂಚಾಚು ಮೇಲಿನ ಆವರ್ತನಗಳನ್ನು ಪ್ರತಿಫಲಿಸಿ ಕಲಕುತ್ತದೆ. ಆದ್ದರಿಂದ ಸ್ಪೀಕರಿನ ಮುಖವನ್ನು ಹಲಗೆಯ ಅಂಚಿನವರೆಗೆ, ಸಾಧ್ಯವಾದರೆ ಒಂದು ಬೆರಳಿನಷ್ಟು ಹೊರಕ್ಕೆ ತನ್ನಿ. ಅನಂತರ ಮುಂದಿನ ಅಡಿಗೆ ರಬ್ಬರಿನ ಬಿಲ್ಲೆಗಳನ್ನು ಕೊಟ್ಟು ಕುಳಿತವರ ಕಿವಿಯ ಕಡೆಗೆ ಅದನ್ನು ವಾಲಿಸಿ. ಸೋಫಾದಲ್ಲಿ ಕುಳಿತು ನೋಡಿದಾಗ ಸ್ಪೀಕರಿನಲ್ಲಿ ಮೇಲಿನ ಆವರ್ತನಗಳನ್ನು ನುಡಿಸುವ ಚಿಕ್ಕ ಟ್ವೀಟರ್ ನಿಮ್ಮನ್ನೇ ನೇರವಾಗಿ ದಿಟ್ಟಿಸುವಂತಿರಬೇಕು. ಈ ಒಂದು ಕೆಲಸ ಎಷ್ಟೋ ಕಡೆ ಮೂರು ಡೆಸಿಬೆಲ್ ಏರಿಕೆಗಿಂತ ಹೆಚ್ಚು ಫಲ ಕೊಡುತ್ತದೆ.

ಎಡಬಲ ಸ್ಪೀಕರುಗಳು ಕೇಳುಗನ ನೇರ ರೇಖೆಯಿಂದ ಆಚೀಚೆ ಸುಮಾರು 30 ಡಿಗ್ರಿಯಲ್ಲೂ ಸರೌಂಡ್‌ಗಳು 100ರಿಂದ 120 ಡಿಗ್ರಿಯಲ್ಲೂ ಇರಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಕೋಣೆ ಒಪ್ಪದಿದ್ದರೆ ಹತ್ತಿರದ ಸ್ಥಾನ ಸಾಕು, ಕೋನಮಾಪಕ ಹಿಡಿದು ಕೂರಬೇಕಾಗಿಲ್ಲ.

ತಂತಿಯ ಕೆಂಪು ತುದಿ ಕೆಂಪಿಗೆ, ಕಪ್ಪು ತುದಿ ಕಪ್ಪಿಗೆ ಸೇರಿದೆಯೇ ಎಂದು ರಿಸೀವರಿನ ಹಿಂಬದಿಯಲ್ಲೂ ಪ್ರತಿ ಸ್ಪೀಕರಿನ ಹಿಂಬದಿಯಲ್ಲೂ ಪರಿಶೀಲಿಸಿ. ಒಂದು ಸ್ಪೀಕರ್ ಮಾತ್ರ ಅದಲುಬದಲಾಗಿದ್ದರೆ ಅದರ ಕೋನು, ಅಂದರೆ ಅದುರಿ ಸದ್ದು ಮಾಡುವ ಪದರ, ಹೊರಗೆ ಬರಬೇಕಾದಾಗ ಒಳಗೆ ಹೋಗುತ್ತದೆ. ಉಳಿದವುಗಳೊಂದಿಗೆ ಹಂಚಿಕೊಂಡ ಸದ್ದುಗಳು ಒಂದನ್ನೊಂದು ಅಳಿಸಿಹಾಕಿ, ದನಿ ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯದಷ್ಟು ಚದುರುತ್ತದೆ.

ಉದ್ದಕ್ಕೆ ಮಲಗಿಸಿದ, ನಡುವೆ ಟ್ವೀಟರ್ ಮತ್ತು ಆಚೀಚೆ ಕೆಳಗಿನ ಆವರ್ತನಗಳಿಗೆ ಒಂದೊಂದು ವೂಫರ್ ಇರುವ ಸೆಂಟರ್ ಸ್ಪೀಕರುಗಳಿಗೆ ಹುಟ್ಟಿನಿಂದಲೇ ಬಂದ ಒಂದು ದೌರ್ಬಲ್ಯವಿದೆ. ಬದಿಗೆ ಕುಳಿತವರಿಗೆ ಎರಡು ವೂಫರುಗಳ ಸದ್ದು ಬೇರೆಬೇರೆ ಹೊತ್ತಿಗೆ ತಲುಪುವುದರಿಂದ ನಡುವಿನ ಕೆಲವು ಆವರ್ತನಗಳು ಕುಗ್ಗುತ್ತವೆ. ಸೋಫಾದ ತುದಿಯಲ್ಲಿ ಕೂರುವವರು ಮಾತ್ರ ‘ಏನೆಂದ?’ ಎಂದು ಕೇಳುತ್ತಿದ್ದರೆ ಅದಕ್ಕೆ ಮದ್ದು ಮಟ್ಟದ ಏರಿಕೆಯಲ್ಲ; ಆಸನಗಳನ್ನು ತುಸು ಹಿಂದಕ್ಕೆ ಸರಿಸಿ ಆ ಕೋನವನ್ನು ಕಿರಿದಾಗಿಸಬೇಕು.

ಮೂರನೆಯ ಹೆಜ್ಜೆ: ಗಾತ್ರ, ಕ್ರಾಸ್‌ಓವರ್, ದೂರ

ರಿಸೀವರಿನ ಸ್ಪೀಕರ್ ಸೆಟ್ಟಿಂಗ್‌ನಲ್ಲಿ ಸಬ್‌ವೂಫರ್ ಇರುವ ವ್ಯವಸ್ಥೆಗಳಿಗೆ ಎಲ್ಲ ಸ್ಪೀಕರುಗಳನ್ನೂ ‘ಸ್ಮಾಲ್’ ಎಂದು ಗುರುತಿಸಿ, ಕ್ರಾಸ್‌ಓವರನ್ನು, ಅಂದರೆ ಯಾವ ಆವರ್ತನಕ್ಕಿಂತ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಸ್‌ಗೆ ಇಟ್ಟು ಆರಂಭಿಸಬಹುದು. ಅಂಗೈಯಗಲದ ಪುಟ್ಟ ಸ್ಪೀಕರುಗಳಿಗೆ 100 ಅಥವಾ 120 ಬೇಕಾಗಬಹುದು. ‘ಸ್ಮಾಲ್’ ಎಂಬ ಮಾತು ಅವಮಾನವಲ್ಲ. ಭಾರವಾದ ತಗ್ಗಿನ ಸದ್ದನ್ನು ಸಬ್‌ವೂಫರಿಗೆ ಹೊರಿಸಿದಾಗ ಸೆಂಟರ್ ಸ್ಪೀಕರಿನ ಪುಟ್ಟ ಕೋನುಗಳು ಮಾತಿನ ಕೆಲಸವನ್ನು ನಿರಾಳವಾಗಿ ಮಾಡುತ್ತವೆ ಎಂಬುದಷ್ಟೇ ಅದರ ಅರ್ಥ.

ಮುಖ್ಯ ಆಸನದಲ್ಲಿ ತಲೆಯಿರುವ ಜಾಗದಿಂದ ಪ್ರತಿ ಸ್ಪೀಕರಿಗೆ ಎಷ್ಟು ದೂರ ಎಂಬುದನ್ನು ಟೇಪು ಹಿಡಿದು ಅಳೆದು ನಮೂದಿಸಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ, ಅಂದರೆ 34 ಸೆಂಟಿಮೀಟರಿಗೆ ಒಂದು ಮಿಲಿಸೆಕೆಂಡ್. ಈ ಅಂಕಿಗಳಿಂದ ರಿಸೀವರ್ ಹತ್ತಿರದ ಸ್ಪೀಕರುಗಳ ಸದ್ದನ್ನು ಅಷ್ಟಷ್ಟೇ ತಡೆದು, ಎಲ್ಲವೂ ಒಂದೇ ಹೊತ್ತಿಗೆ ಕಿವಿ ಮುಟ್ಟುವಂತೆ ನೋಡಿಕೊಳ್ಳುತ್ತದೆ. ಮೈಕಿನ ಮೂಲಕ ತಾನೇ ಅಳೆಯುವ ರಿಸೀವರುಗಳು ಸಬ್‌ವೂಫರಿನ ದೂರವನ್ನು ನಿಜಕ್ಕಿಂತ ಹೆಚ್ಚಾಗಿ ತೋರಿಸುವುದು ಸಾಮಾನ್ಯ; ಸಬ್‌ವೂಫರಿನ ಒಳಗಿನ ವಿದ್ಯುನ್ಮಂಡಲದ ವಿಳಂಬವನ್ನೂ ಅದು ದೂರವೆಂದೇ ಲೆಕ್ಕ ಹಾಕಿರುತ್ತದೆ. ಅದನ್ನು ತಪ್ಪೆಂದು ತಿದ್ದಲು ಹೋಗಬೇಡಿ.

ನಾಲ್ಕನೆಯ ಹೆಜ್ಜೆ: ಅಳತೆ

ಇಡೀ ಕೆಲಸದ ತಳಹದಿ ಇದು, ಆದ್ದರಿಂದ ಇಲ್ಲಿ ಆತುರ ಬೇಡ. ರಿಸೀವರಿಗೆ ಸ್ವಯಂ-ಹೊಂದಾಣಿಕೆಯ ಮೈಕ್ ಇದ್ದರೆ ಮೊದಲು ಅದನ್ನೇ ಬಳಸಿ, ಅದರ ಫಲಿತಾಂಶವನ್ನು ಆಮೇಲೆ ಮೀಟರಿನಿಂದ ಪರೀಕ್ಷಿಸಿ. ಮೈಕ್ ಇಲ್ಲದಿದ್ದರೆ ನೇರವಾಗಿ ಮೀಟರಿನಿಂದಲೇ ಆರಂಭಿಸಬಹುದು. ಕಿವಿಯಿಂದಲೇ ಹೊಂದಿಸುತ್ತೇನೆ ಎಂಬ ಹಟ ಮಾತ್ರ ಬೇಡ. ಸರೌಂಡ್ ಸ್ಪೀಕರಿನ ದನಿಯ ಬಣ್ಣ ಮುಂದಿನದಕ್ಕಿಂತ ಬೇರೆಯಾಗಿರುತ್ತದೆ, ಬರುವ ದಿಕ್ಕು ಬೇರೆಯಾಗಿರುತ್ತದೆ, ಕಿವಿ ಆ ವ್ಯತ್ಯಾಸವನ್ನೇ ಸದ್ದಿನ ಹೆಚ್ಚುಕಡಿಮೆಯೆಂದು ಬಗೆದು ಮೋಸಹೋಗುತ್ತದೆ.

ಫ್ಯಾನು, ಏರ್ ಕಂಡಿಷನರ್ ಎಲ್ಲವನ್ನೂ ಆರಿಸಿ. ಪರೀಕ್ಷೆಯ ಸದ್ದು ಕೋಣೆಯ ಮೌನದ ಮಟ್ಟಕ್ಕಿಂತ ಕನಿಷ್ಠ 10 ಡೆಸಿಬೆಲ್ ಮೇಲಿದ್ದರೆ ಮಾತ್ರ ಅಳತೆಯನ್ನು ನಂಬಬಹುದು. ಮೀಟರನ್ನು ‘ಸಿ’ ತೂಕ (ತಗ್ಗಿನ ಸದ್ದನ್ನೂ ಹೆಚ್ಚುಕಡಿಮೆ ಪೂರ್ತಿ ಎಣಿಸುವ ಅಳತೆಯ ಕ್ರಮ) ಮತ್ತು ‘ಸ್ಲೋ’ ಎಂಬ ನಿಧಾನ ಪ್ರತಿಕ್ರಿಯೆಗೆ ಹೊಂದಿಸಿ, ಕ್ಯಾಮೆರಾದ ಮುಕ್ಕಾಲಿಯ ಮೇಲೆ, ಮುಖ್ಯ ಆಸನದಲ್ಲಿ ಕಿವಿಯ ಎತ್ತರಕ್ಕೆ, ಮೈಕಿನ ತುದಿ ಚಾವಣಿಯನ್ನು ನೋಡುವಂತೆ ನಿಲ್ಲಿಸಿ. ನೀವು ಪಕ್ಕಕ್ಕೆ ಸರಿಯಿರಿ, ಏಕೆಂದರೆ ಮೈಯೂ ಸದ್ದನ್ನು ಪ್ರತಿಫಲಿಸುತ್ತದೆ. ನಾನೊಮ್ಮೆ ಎತ್ತರದ ಬೆನ್ನಿನ ಸೋಫಾದಲ್ಲಿ, ಆ ಬೆನ್ನಿಗಿಂತ ತಗ್ಗಾಗಿ ಮೈಕ್ ಇಟ್ಟು ಸ್ವಯಂ-ಹೊಂದಾಣಿಕೆ ಮಾಡಿದ್ದೆ. ಹಿಂದಿನಿಂದ ಬರುವ ಸದ್ದಿಗೆ ಮೆತ್ತೆ ಅಡ್ಡವಾಗಿ, ರಿಸೀವರ್ ಸರೌಂಡ್‌ಗಳನ್ನು ನಾಲ್ಕು ಡೆಸಿಬೆಲ್ ಏರಿಸಿಬಿಟ್ಟಿತ್ತು. ತಿಂಗಳುಗಟ್ಟಲೆ ಮಳೆಯ ದೃಶ್ಯಗಳಲ್ಲೆಲ್ಲ ಮಾತು ತೋಯ್ದು ಹೋಗುತ್ತಿದ್ದುದರ ಕಾರಣ ಅದೆಂದು ತಿಳಿದದ್ದು ಮೀಟರ್ ಹಿಡಿದ ಮೇಲೆಯೇ.

ಮೊಬೈಲ್ ಆ್ಯಪ್ ತೋರಿಸುವ ಅಂಕಿ ನಿಜಕ್ಕಿಂತ ಕೆಲವು ಡೆಸಿಬೆಲ್ ಅತ್ತಿತ್ತ ಇರಬಹುದು. ಇಲ್ಲಿ ಅದರಿಂದ ಬಾಧಕವಿಲ್ಲ: ನಮಗೆ ಬೇಕಾದದ್ದು ಒಂದು ಸ್ಪೀಕರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ, ಒಂದೇ ಉಪಕರಣ ಒಂದೇ ಜಾಗದಲ್ಲಿ ಅದನ್ನು ಸಾಕಷ್ಟು ಚೆನ್ನಾಗಿ ಹೇಳುತ್ತದೆ. ಸಬ್‌ವೂಫರಿನ ವಿಷಯದಲ್ಲಿ ಮಾತ್ರ ಫೋನನ್ನು ನಂಬಬೇಡಿ.

ರಿಸೀವರಿನ ಪರೀಕ್ಷಾ ಸದ್ದನ್ನು ಹಾಕಿ. ಪ್ರತಿ ಸ್ಪೀಕರಿನಿಂದ ಸರದಿಯಂತೆ ಜಲಪಾತದಂತಹ ಒಂದು ‘ಶ್ಶ್’ ಸದ್ದು ಬರುತ್ತದೆ. ಇದನ್ನು ಪಿಂಕ್ ನಾಯ್ಸ್ ಎನ್ನುತ್ತಾರೆ. ಬಹಳಷ್ಟು ರಿಸೀವರುಗಳಲ್ಲಿ ಪ್ರತಿ ಚಾನೆಲ್ ಮುಖ್ಯ ಆಸನದಲ್ಲಿ 75 ಡೆಸಿಬೆಲ್ ಓದಿದರೆ, ಆಗ ವಾಲ್ಯೂಮ್ ‘0’ ಎಂಬುದು ಸಿನಿಮಾ ಮಿಶ್ರಣದ ಮೂಲ ಮಟ್ಟಕ್ಕೆ, ಅಂದರೆ ಧ್ವನಿಯನ್ನು ಮಿಶ್ರ ಮಾಡುವವರು ಕೇಳುವ ಮಟ್ಟಕ್ಕೆ, ಸಮವಾಗುತ್ತದೆ. ನಿಮಗೆ ಆ 75 ಎಂಬ ಅಂಕಿಯೇ ಬೇಕೆಂದಿಲ್ಲ, ಎಲ್ಲವೂ ಒಂದೇ ಅಂಕಿಯಲ್ಲಿ ನಿಂತರೆ ಸಾಕು. ಒಂದು ಉದಾಹರಣೆ ನೋಡಿ. ಮೊದಲ ಸುತ್ತಿನಲ್ಲಿ ಎಡ 75, ನಡು 72, ಬಲ 76, ಎಡ ಸರೌಂಡ್ 78, ಬಲ ಸರೌಂಡ್ 74 ಎಂದು ಮೀಟರ್ ಓದಿತೆನ್ನಿ. ಎಡವನ್ನು ಆಧಾರವಾಗಿಟ್ಟುಕೊಂಡರೆ ನಡುವಿಗೆ 3 ಕೂಡಿಸಬೇಕು, ಬಲದಿಂದ 1 ಕಳೆಯಬೇಕು, ಎಡ ಸರೌಂಡಿನಿಂದ 3 ಕಳೆದು ಬಲ ಸರೌಂಡಿಗೆ 1 ಸೇರಿಸಬೇಕು. ಇಂಥ ಕೋಣೆಯಲ್ಲಿ ಹೊಂದಿಸುವ ಮುನ್ನ ಎಡ ಸರೌಂಡ್ ಮಾತಿಗಿಂತ 6 ಡೆಸಿಬೆಲ್ ಮೇಲಿತ್ತು ಎಂಬುದನ್ನು ಗಮನಿಸಿ. ಮಾತು ಮುಳುಗಿದ್ದರೆ ಆಶ್ಚರ್ಯವೇನು? ಹೊಂದಿಸಿದ ಮೇಲೆ ಇನ್ನೊಂದು ಸುತ್ತು ಅಳೆದು ವ್ಯತ್ಯಾಸ ಅರ್ಧ ಡೆಸಿಬೆಲ್‌ನಿಂದ ಒಂದು ಡೆಸಿಬೆಲ್‌ನ ಒಳಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಯಾವುದಾದರೂ ಸ್ಪೀಕರಿಗೆ ಏಳೆಂಟು ಡೆಸಿಬೆಲ್‌ಗಿಂತ ಹೆಚ್ಚಿನ ತಿದ್ದುಪಡಿ ಬೇಕಾದರೆ ನಿಲ್ಲಿಸಿ ತಂತಿ, ಜಾಗ, ಅಡ್ಡ ನಿಂತ ಸಾಮಾನು ಇವುಗಳನ್ನು ಮತ್ತೆ ನೋಡಿ. ಅಷ್ಟು ದೊಡ್ಡ ಅಂತರ ಸುಮ್ಮನೆ ಬರುವಂಥದ್ದಲ್ಲ.

ಮುಖ್ಯ ಆಸನಕ್ಕೆ ಹೊಂದಿಸಿದ ಮೇಲೆ ಮೀಟರನ್ನು ಪಕ್ಕದ ಆಸನಗಳಿಗೂ ಒಯ್ದು ಓದಿ. ಸದ್ದಿನ ಮೂಲದಿಂದ ದೂರ ಅರ್ಧವಾದರೆ, ಬಯಲಿನಲ್ಲಿ, ಮಟ್ಟ 6 ಡೆಸಿಬೆಲ್ ಏರುತ್ತದೆ. ಕೋಣೆಯೊಳಗೆ ಇದು ಅಷ್ಟಿರದಿದ್ದರೂ ಸರೌಂಡ್ ಸ್ಪೀಕರಿಗೆ ಅಂಟಿಕೊಂಡು ಕೂರುವವರ ಪಾಲಿಗೆ ಅದೇ ಕಿವಿಗಡಚಿಕ್ಕುವಂತಿರುತ್ತದೆ. ಮನೆಮಂದಿಯೆಲ್ಲ ಕೂಡಿ ನೋಡುವ ಕೋಣೆಯಲ್ಲಿ ಸರೌಂಡ್‌ಗಳನ್ನು ಅಳತೆಗಿಂತ ಒಂದೆರಡು ಡೆಸಿಬೆಲ್ ತಗ್ಗಿಸಿದರೆ ನಡುವಿನ ಆಸನಕ್ಕೆ ಆಗುವ ನಷ್ಟ ಅತ್ಯಲ್ಪ, ಬದಿಯವರಿಗೆ ಆಗುವ ಉಪಕಾರ ದೊಡ್ಡದು.

ಐದನೆಯ ಹೆಜ್ಜೆ: ಸಬ್‌ವೂಫರಿಗೆ ಕಡಿವಾಣ

ಸಬ್‌ವೂಫರಿನ ಮೇಲಿರುವ ಕ್ರಾಸ್‌ಓವರ್ ತಿರುಪನ್ನು ಅತಿ ಮೇಲಿನ ಆವರ್ತನದವರೆಗೆ ತಿರುಗಿಸಿ, ಸೋಸುವ ಕೆಲಸವನ್ನು ರಿಸೀವರಿಗೇ ಬಿಡಿ. ಅದರ ಸದ್ದಿನ ಬಲ ಏರಿಳಿಸುವ ಗೇನ್ ತಿರುಪು ನಡುವಿನಲ್ಲಿರಲಿ. ಸ್ವಯಂ-ಹೊಂದಾಣಿಕೆಯ ಬಳಿಕ ರಿಸೀವರಿನಲ್ಲಿ ಸಬ್‌ವೂಫರಿನ ಮಟ್ಟ ಕನಿಷ್ಠ ಮಿತಿಗೆ ತಾಗಿ ನಿಂತಿದ್ದರೆ, ಅದು ಇನ್ನೂ ಇಳಿಸಲಾಗದೆ ಕೈಚೆಲ್ಲಿದೆ ಎಂದರ್ಥ. ಗೇನ್ ತಿರುಪನ್ನು ಇಳಿಸಿ ಮತ್ತೊಮ್ಮೆ ಅಳೆಯಿಸಿ.

ಮೀಟರಿನಲ್ಲಿ ಸಬ್‌ವೂಫರನ್ನು ಓದುವಾಗ ಮುಳ್ಳು ಅತ್ತಿತ್ತ ತೂಗಾಡುತ್ತದೆ, ಅದರ ನಡುಬಿಂದುವನ್ನು ಹಿಡಿಯಿರಿ. ‘ಎ’ ತೂಕದಲ್ಲಿ ಮಾತ್ರ ಅಳೆಯಬೇಡಿ. 50 ಹರ್ಟ್ಸ್‌ನಲ್ಲಿ ‘ಎ’ ತೂಕ ಸುಮಾರು 30 ಡೆಸಿಬೆಲ್ ಕಡಿಮೆ ಓದುತ್ತದೆ, ‘ಸಿ’ ತೂಕದಲ್ಲಿ ಆ ಕೊರತೆ ಒಂದು ಡೆಸಿಬೆಲ್ಲಿಗಿಂತ ತುಸು ಹೆಚ್ಚಷ್ಟೇ. ‘ಎ’ಯನ್ನು ನಂಬಿ 75ಕ್ಕೆ ತರಲು ಹೊರಟವರು ಗೋಡೆ ಬಿರಿಯುವಷ್ಟು ಸದ್ದು ಮಾಡಿಸಿರುತ್ತಾರೆ. ತಗ್ಗಿನ ಪರಿಣಾಮಗಳಿಗೆ ಮೀಸಲಾದ ಚಾನೆಲ್‌ಗೆ ವ್ಯವಸ್ಥೆಯೊಳಗೇ ಬೇರೆ ಚಾನೆಲ್‌ಗಳಿಗಿಂತ 10 ಡೆಸಿಬೆಲ್ ಹೆಚ್ಚಿನ ಬಲ ಕೊಟ್ಟಿರುತ್ತಾರೆ, ಹಾಗಾಗಿ ‘ಸಿನಿಮಾಕ್ಕೆ ಬೇಕಾಗುತ್ತದೆ’ ಎಂದು ನಾವು ಮೇಲಿಂದ ಮೇಲೆ ಕೂಡಿಸುವ ಅಗತ್ಯವಿಲ್ಲ.

ಅಳತೆಯ ಬಳಿಕ ಒಂದು ಪರೀಕ್ಷೆ: ಹಿನ್ನೆಲೆ ಸಂಗೀತವಿಲ್ಲದ ಒಬ್ಬ ಗಂಡು ವಾಚಕನ ದನಿಯನ್ನು ಹಾಕಿ, ಸಬ್‌ವೂಫರನ್ನು ಆರಿಸಿ ಮತ್ತೆ ಹಚ್ಚಿ. ವಯಸ್ಕ ಗಂಡಸರ ದನಿಯ ಮೂಲ ಆವರ್ತನ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್ ಒಳಗಿರುತ್ತದೆ, ಕ್ರಾಸ್‌ಓವರ್ 80ರಲ್ಲಿದ್ದರೆ ಸಬ್‌ವೂಫರಿಗೆ ಮಾತಿನಲ್ಲಿ ಹೆಚ್ಚು ಕೆಲಸವಿರಕೂಡದು. ಹಚ್ಚಿದ ಕೂಡಲೇ ವಾಚಕನ ಎದೆ ಎರಡು ಪಟ್ಟು ಅಗಲವಾದಂತೆ ಕೇಳಿಸಿದರೆ ಮಟ್ಟ ಹೆಚ್ಚಾಗಿದೆ, ಇಲ್ಲವೇ ಕ್ರಾಸ್‌ಓವರ್ ಮೇಲಾಗಿದೆ. ಸಬ್‌ವೂಫರ್ ಆರಿಸಿದ ಮೇಲೂ ದನಿ ಗುಂಯ್ಗುಡುತ್ತಿದ್ದರೆ ಎರಡನೆಯ ಹೆಜ್ಜೆಯ ಗೂಡಿನ ಕತೆಯನ್ನು ನೆನೆಯಿರಿ. ಜಾಗ ಬದಲಿಸಲಾಗದಿದ್ದರೆ ಸೆಂಟರ್ ಸ್ಪೀಕರಿನ ಈಕ್ವಲೈಸರಿನಲ್ಲಿ (ಬೇರೆಬೇರೆ ಆವರ್ತನಗಳನ್ನು ಪ್ರತ್ಯೇಕವಾಗಿ ಏರಿಳಿಸುವ ಸೆಟ್ಟಿಂಗ್‌ನಲ್ಲಿ) 100ರಿಂದ 250 ಹರ್ಟ್ಸ್ ನಡುವೆ ಎರಡು ಮೂರು ಡೆಸಿಬೆಲ್ ತಗ್ಗಿಸಿ. ಮೇಲಿನದನ್ನು ಉಬ್ಬಿಸುವುದಕ್ಕಿಂತ ಕೆಳಗಿನದನ್ನು ಕಡಿಯುವುದು ಕಿವಿಗೆ ಹಿತ. 3000 ಹರ್ಟ್ಸ್ ಸುತ್ತ ಏರಿಸಿದ ಮಾತು ಅರ್ಧ ಗಂಟೆ ಚುರುಕಾಗಿ ಕೇಳಿಸುತ್ತದೆ, ಎರಡನೆಯ ಗಂಟೆಯಲ್ಲಿ ತಲೆನೋವು ತರುತ್ತದೆ.

ಆರನೆಯ ಹೆಜ್ಜೆ: ಬೇಕೆಂದೇ ತಪ್ಪುವ ಅಳತೆ

ಈಗ ಎಲ್ಲವೂ ಸಮನಾಗಿದೆ. ಎರಡು ಮೂರು ದಿನ ಹೀಗೆಯೇ ನೋಡಿ. ಬಹಳ ಮನೆಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಮಾತ್ರ ಮುಂದುವರಿಯಿರಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಹಾಳೆಯಲ್ಲಿ ಬರೆದಿಡಿ.

ಮೊದಲು ಸಬ್‌ವೂಫರನ್ನು 2 ಡೆಸಿಬೆಲ್ ಇಳಿಸಿ ಕೇಳಿ. ಅನಂತರ ಸರೌಂಡ್‌ಗಳನ್ನು 1ರಿಂದ 2 ಡೆಸಿಬೆಲ್ ಇಳಿಸಿ. ಇಷ್ಟಾದ ಮೇಲೂ ಕೊರತೆಯಿದ್ದರೆ ಸೆಂಟರನ್ನು 1 ಡೆಸಿಬೆಲ್ ಏರಿಸಿ, ಬೇಕಾದರೆ ಇನ್ನೊಂದು, ಹೆಚ್ಚೆಂದರೆ ಮೂರು. ಮೂರಕ್ಕೆ ಮಿತಿ ಹೇಳಲು ಕಾರಣವಿದೆ. ಸೆಂಟರ್ ಚಾನೆಲ್‌ನಲ್ಲಿ ಮಾತಷ್ಟೇ ಇಲ್ಲ. ಪರದೆಯ ನಡುವೆ ನಡೆಯುವ ಗುಂಡಿನ ಸದ್ದು, ಬಾಗಿಲು ಬಡಿತ, ಹೆಜ್ಜೆ ಸಪ್ಪಳ ಎಲ್ಲವೂ ಅಲ್ಲಿವೆ, ಮಾತು ಏರಿದಷ್ಟೇ ಅವೂ ಏರುತ್ತವೆ. ಅದಕ್ಕಿಂತ ಹೆಚ್ಚು ಏರಿಸಿದಾಗ ಎಡದಿಂದ ಬಲಕ್ಕೆ ಹಾಯುವ ಕಾರು ನಡುವೆ ಬಂದಾಗ ಧುತ್ತೆಂದು ಮುಂದಕ್ಕೆ ನೆಗೆದು ಮತ್ತೆ ಹಿಂದೆ ಸರಿದಂತೆ ಕೇಳಿಸುತ್ತದೆ. 3 ಡೆಸಿಬೆಲ್ ಏರಿಕೆಗೆ ಆಂಪ್ಲಿಫಯರ್ ಎರಡರಷ್ಟು ಶಕ್ತಿ ಒದಗಿಸಬೇಕಾಗುತ್ತದೆ ಎಂಬುದೂ ನೆನಪಿರಲಿ, ಆದರೆ ಕಿವಿಗೆ ಸದ್ದು ಇಮ್ಮಡಿಯಾಯಿತೆನಿಸಲು ಸುಮಾರು 10 ಡೆಸಿಬೆಲ್ ಬೇಕು.

ಹೋಲಿಸಿ ನೋಡುವಾಗ ಎರಡು ಮೋಸಗಳಿಂದ ಎಚ್ಚರವಾಗಿರಿ. ಒಟ್ಟಾರೆ ಗಟ್ಟಿಯಾದದ್ದು ಯಾವಾಗಲೂ ಒಳ್ಳೆಯದೆನಿಸುತ್ತದೆ, ಆದ್ದರಿಂದ ಸೆಂಟರ್ ಏರಿಸಿದಾಗ ಮುಖ್ಯ ವಾಲ್ಯೂಮನ್ನು ತುಸು ಇಳಿಸಿ ಕೇಳಿ. ಎರಡನೆಯದಾಗಿ, ಉಪಶೀರ್ಷಿಕೆಗಳನ್ನು ಆಫ್ ಮಾಡಿಡಿ. ಕಣ್ಣು ಓದಿದ್ದನ್ನು ಕಿವಿ ತಾನೇ ಕೇಳಿದೆನೆಂದು ಹೇಳಿಕೊಳ್ಳುತ್ತದೆ; ಉಪಶೀರ್ಷಿಕೆ ಹಾಕಿಕೊಂಡು ಹೊಂದಿಸಿದ ವ್ಯವಸ್ಥೆ ಪ್ರತಿ ಸಲವೂ ಅದ್ಭುತವಾಗಿರುತ್ತದೆ. ಕಂಠಪಾಠವಾದ ದೃಶ್ಯವೂ ಅದೇ ಕಾರಣಕ್ಕೆ ಪರೀಕ್ಷೆಗೆ ಬಾರದು. ಮಳೆ, ವಾಹನ ಸಂಚಾರ ಅಥವಾ ಸಂಗೀತದ ನಡುವೆ ಇಬ್ಬರು ತಗ್ಗಿದ ದನಿಯಲ್ಲಿ ಮಾತನಾಡುವ, ನೀವು ಮೊದಲು ನೋಡಿರದ ಎರಡು ಮೂರು ದೃಶ್ಯಗಳನ್ನು ಆರಿಸಿಕೊಳ್ಳಿ.

ತಗ್ಗಿದ ಸದ್ದಿನಲ್ಲಿ ನೋಡುವವರಿಗೆ

ಸಿನಿಮಾ ಮಿಶ್ರಣದ ಮೂಲ ಮಟ್ಟದಲ್ಲಿ ಮುಖ್ಯ ಚಾನೆಲ್ ಒಂದೊಂದೂ 105 ಡೆಸಿಬೆಲ್ ಶಿಖರ ಮುಟ್ಟಬಲ್ಲದು, ತಗ್ಗಿನ ಚಾನೆಲ್ 115. ಮನೆಯಲ್ಲಿ ಬಹುತೇಕ ಎಲ್ಲರೂ ಇದಕ್ಕಿಂತ ಹತ್ತಿಪ್ಪತ್ತು ಡೆಸಿಬೆಲ್ ಕೆಳಗೆ ಕೇಳುತ್ತಾರೆ. ಆಗ ಸ್ಫೋಟ ಹಿತವಾದ ಮಟ್ಟಕ್ಕೆ ಇಳಿಯುವುದೇನೋ ಸರಿ, ಪಿಸುಮಾತು ಮಾತ್ರ ಫ್ಯಾನಿನ ಸದ್ದಿನಡಿಗೆ ಜಾರುತ್ತದೆ. ಸ್ಪೀಕರುಗಳ ನಡುವಿನ ಹೊಂದಾಣಿಕೆಯಿಂದ ಇದನ್ನು ನೇರ್ಪಡಿಸಲಾಗದು, ಏಕೆಂದರೆ ಅಂತರವಿರುವುದು ಒಂದೇ ಚಾನೆಲ್‌ನ ಗಟ್ಟಿ ಸದ್ದಿಗೂ ಮೆಲುದನಿಗೂ ನಡುವೆ. ಇಂಥ ಹೊತ್ತಿಗೆಂದೇ ಆ ಅಂತರವನ್ನು ಕುಗ್ಗಿಸುವ ಡೈನಾಮಿಕ್ ರೇಂಜ್ ಕಂಪ್ರೆಷನ್ ಇದೆ. ರಿಸೀವರುಗಳಲ್ಲಿ ನೈಟ್ ಮೋಡ್, ಡೈನಾಮಿಕ್ ವಾಲ್ಯೂಮ್, ಲೌಡ್‌ನೆಸ್ ಮ್ಯಾನೇಜ್‌ಮೆಂಟ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಶುದ್ಧಾಂತಃಕರಣದ ಧ್ವನಿಪ್ರೇಮಿಗಳು ಇದನ್ನು ಹೀಗಳೆಯುತ್ತಾರೆ. ಮಗು ಮಲಗಿರುವ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಸಿನಿಮಾ ನೋಡುವವರು ಅವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಇದಕ್ಕೆ ಹತ್ತಿರದ, ಆದರೆ ಬೇರೆಯೇ ಕೆಲಸ ಮಾಡುವ ಇನ್ನೊಂದು ಸೌಲಭ್ಯವಿದೆ. ಸದ್ದು ತಗ್ಗಿದಂತೆ ಕಿವಿ ತಗ್ಗಿನ ಆವರ್ತನಗಳಿಗೆ ಹೆಚ್ಚು ಕಿವುಡಾಗುವುದರಿಂದ, ಕೆಲವು ರಿಸೀವರುಗಳು ವಾಲ್ಯೂಮ್ ಇಳಿದಾಗ ತಗ್ಗಿನ ಸದ್ದನ್ನೂ ಸರೌಂಡ್‌ಗಳನ್ನೂ ತಾವಾಗಿ ಏರಿಸುತ್ತವೆ. ಆಡಿಸ್ಸಿ ಕಂಪನಿಯ ಡೈನಾಮಿಕ್ ಈಕ್ಯೂ ಇದಕ್ಕೆ ಪರಿಚಿತ ಉದಾಹರಣೆ. ಅಷ್ಟು ಕಷ್ಟಪಟ್ಟು ಹೊಂದಿಸಿದ ಸರೌಂಡ್‌ಗಳು ರಾತ್ರಿ ಹೊತ್ತು ಮಾತ್ರ ಮೇಲೆ ಬೀಳುತ್ತಿದ್ದರೆ ಈ ಸೌಲಭ್ಯವನ್ನು ಆಫ್ ಮಾಡಿ ನೋಡಿ, ಅಥವಾ ಅದರ ರೆಫರೆನ್ಸ್ ಆಫ್‌ಸೆಟ್ ಅಂಕಿಯನ್ನು 5, 10, 15 ಎಂದು ಏರಿಸುತ್ತಾ ಅದರ ಪ್ರಭಾವವನ್ನು ತಗ್ಗಿಸಿ.

ಒಂದು ಕಾರ್ಯಕ್ರಮದಿಂದ ಇನ್ನೊಂದಕ್ಕೆ ಹೋದಾಗ ಒಟ್ಟು ಸದ್ದೇ ಏರಿಳಿದರೆ ಗಾಬರಿ ಬೇಡ. ಯುರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ಕಾರ್ಯಕ್ರಮಗಳ ಸರಾಸರಿಗೆ, ಸದ್ದಿನ ಗಟ್ಟಿತನ ಅಳೆಯುವ ಎಲ್‌ಯುಎಫ್‌ಎಸ್ ಮಾನದಲ್ಲಿ, ಮೈನಸ್ 23 ಎಂಬ ಮಟ್ಟ ಗೊತ್ತುಮಾಡಿತು. ನೆಟ್‌ಫ್ಲಿಕ್ಸ್ ಸಂಭಾಷಣೆಯನ್ನು ಆಧರಿಸಿ ಮೈನಸ್ 27ರ ಸುತ್ತ ಇರಬೇಕೆನ್ನುತ್ತದೆ. ಅದು ಮುಖ್ಯ ವಾಲ್ಯೂಮಿನಿಂದ ಸರಿಪಡಿಸಬೇಕಾದ ಸಂಗತಿ, ಅದಕ್ಕಾಗಿ ಚಾನೆಲ್ ಮಟ್ಟಗಳನ್ನು ಮುಟ್ಟಬಾರದು.

ಕೋಣೆಯ ಪಾಲು

ಬರಿಗೋಡೆ, ಗಾಜಿನ ಕಿಟಕಿ ಮತ್ತು ನುಣುಪು ನೆಲದ ಕೋಣೆಯಲ್ಲಿ ಒಂದು ಅಕ್ಷರದ ಮೊಳಗು ತಣಿಯುವ ಮೊದಲೇ ಮುಂದಿನ ಅಕ್ಷರ ಬಂದು ಅದರ ಮೇಲೆ ಬೀಳುತ್ತದೆ. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಕೊನೆಯಲ್ಲಿ ಝಣಝಣ ಸದ್ದು ಉಳಿದರೆ ಮಟ್ಟದ ಹೊಂದಾಣಿಕೆ ಒಂದೇ ಸಾಲದು. ಸೆಂಟರ್ ಸ್ಪೀಕರಿಗೂ ಆಸನಕ್ಕೂ ನಡುವೆ ದಪ್ಪನೆಯ ನೆಲಹಾಸು, ಕಿಟಕಿಗೆ ನೆರಿಗೆಯ ಭಾರದ ಪರದೆ, ಹಿಂಗೋಡೆಗೆ ಪುಸ್ತಕದ ಕಪಾಟು ಇಷ್ಟರಿಂದಲೇ ಬಹಳ ವ್ಯತ್ಯಾಸವಾಗುತ್ತದೆ. ಪಕ್ಕದ ಗೋಡೆಯಲ್ಲಿ ಎಲ್ಲಿ ಮೆತ್ತನೆಯದ್ದನ್ನು ತೂಗಬೇಕೆಂದು ತಿಳಿಯಲು, ನೀವು ಆಸನದಲ್ಲಿ ಕುಳಿತಿರುವಾಗ ಇನ್ನೊಬ್ಬರು ಗೋಡೆಯುದ್ದಕ್ಕೂ ಒಂದು ಕನ್ನಡಿಯನ್ನು ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಮುಂದಿನ ಸ್ಪೀಕರ್ ಕಂಡ ಜಾಗವೇ ಮೊದಲ ಪ್ರತಿಫಲನದ ಜಾಗ. ಸೋಫಾದ ಮುಂದೆ ಗಾಜಿನ ಟೀಪಾಯಿ ಇದ್ದರೆ ಸಿನಿಮಾ ಹೊತ್ತಿಗೆ ಅದನ್ನು ಬದಿಗೆ ಸರಿಸಿ.

ಸೆಂಟರ್ ಸ್ಪೀಕರ್ ಇಲ್ಲದವರು ರಿಸೀವರಿನಲ್ಲಿ ‘ಸೆಂಟರ್: ಇಲ್ಲ’ ಎಂದು ತಪ್ಪದೆ ನಮೂದಿಸಬೇಕು, ಇಲ್ಲದಿದ್ದರೆ ಮಾತು ಇಲ್ಲದ ಪೆಟ್ಟಿಗೆಗೆ ಹೋಗಿ ಮಾಯವಾಗುತ್ತದೆ. ಎಡಬಲಗಳು ಸೇರಿ ನಡುವೆ ಒಂದು ಹುಸಿ ದನಿಯನ್ನು ಮೂಡಿಸುತ್ತವೆ, ಸರಿಯಾಗಿ ಮಧ್ಯದಲ್ಲಿ ಕುಳಿತವರಿಗೆ ಅದು ಸಾಕಷ್ಟು ಚೆನ್ನಾಗಿಯೇ ಇರುತ್ತದೆ. ಆದರೆ ಎರಡೂ ಸ್ಪೀಕರುಗಳ ಸದ್ದು ಎರಡೂ ಕಿವಿಗಳಿಗೆ ತುಸು ಹೆಚ್ಚುಕಡಿಮೆ ಹೊತ್ತಿನಲ್ಲಿ ತಲುಪುವುದರಿಂದ 2000 ಹರ್ಟ್ಸ್ ಸುತ್ತ ಒಂದು ತಗ್ಗು ಬೀಳುತ್ತದೆ, ಅದು ವ್ಯಂಜನಗಳ ಜಾಗವೇ. ಅಂಥ ವ್ಯವಸ್ಥೆಯಲ್ಲಿ ಸರೌಂಡ್ ಮತ್ತು ಸಬ್‌ವೂಫರ್‌ಗಳನ್ನು ಇಳಿಸುವುದಷ್ಟೇ ನಮ್ಮ ಕೈಯಲ್ಲಿರುವ ಉಪಾಯ. ಸೌಂಡ್‌ಬಾರ್ ಇರುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಮಟ್ಟದ ಆಯ್ಕೆಗಳು ಕಡಿಮೆಯಿದ್ದರೆ ಅದರ ವಾಯ್ಸ್ ಅಥವಾ ಡೈಲಾಗ್ ಎಂಬ ವಿಧಾನವನ್ನು ಕನಿಷ್ಠ ಮಟ್ಟದಲ್ಲಿ ಬಳಸಿ ನೋಡಬಹುದು.

ಎಲ್ಲ ಮುಗಿದ ಮೇಲೆ ಪ್ರತಿ ಚಾನೆಲ್‌ನ ಮಟ್ಟ, ದೂರ, ಕ್ರಾಸ್‌ಓವರ್ ಮತ್ತು ಸಬ್‌ವೂಫರಿನ ಗೇನ್ ತಿರುಪಿನ ಸ್ಥಾನವನ್ನು ಹಾಳೆಯಲ್ಲಿ ಬರೆದು, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸಾಫ್ಟ್‌ವೇರ್ ನವೀಕರಣದ ನಂತರ ಇವು ಅಳಿಸಿಹೋಗುವುದುಂಟು. ಸೋಫಾ ಸರಿದಾಗ, ನೆಲಹಾಸು ಬದಲಾದಾಗ, ಯಾವುದೇ ಸ್ಪೀಕರ್ ಹೊಸದಾಗಿ ಬಂದಾಗ ನಾಲ್ಕನೆಯ ಹೆಜ್ಜೆಯಿಂದ ಮತ್ತೆ ಅಳೆಯಿರಿ. ಹಾಳೆ ಕೈಯಲ್ಲಿದ್ದರೆ ಎರಡನೆಯ ಸಲ ಅದು ಇಪ್ಪತ್ತು ನಿಮಿಷದ ಕೆಲಸ.